ಇನ್ನೂ ಜೋರಾಗಿ ತಟ್ಟಿ ಎಂದ ಇಲಾಖೆಗೆ

ಮಾನ್ಯ ನಿರ್ದೇಶಕರೇ,

ತಮ್ಮ ಕರಾವಳಿ ಪ್ರವಾಸೋದ್ಯಮ ಇಲಾಖೆಯ ಹೊಸ ಆದೇಶವನ್ನು ಜೆಟ್ಟಿಯ ಗೋಡೆಗೆ ಅಂಟಿಸಿ ಹೋಗಿದ್ದಾರೆ. ತಿಮಿಂಗಿಲ ಶಾರ್ಕ್ ತೋರಿಸಲು ಪ್ರವಾಸಿಗರನ್ನು ಕರೆದೊಯ್ಯುವ ಪ್ರತಿಯೊಂದು ದೋಣಿಯೂ ಎಂಜಿನ್ ಚಾಲೂ ಮಾಡುವ ಮುನ್ನ ತನ್ನ ತಳವನ್ನು ಇನ್ನು ಮುಂದೆ ‘ಹೆಚ್ಚು ಬಲವಾಗಿ ಹಾಗೂ ಹೆಚ್ಚು ಹೊತ್ತು’ ತಟ್ಟತಕ್ಕದ್ದು ಎಂದು ಅದರಲ್ಲಿ ಅಪ್ಪಣೆಯಾಗಿದೆ. ಕಾರಣವನ್ನೂ ಕೊಟ್ಟಿದ್ದೀರಿ: ಕಳೆದ ಹಂಗಾಮಿನಲ್ಲಿ ಒಬ್ಬ ಚಾಲಕ ತಟ್ಟದೆ ಎಂಜಿನ್ ಚಾಲೂ ಮಾಡಿದ್ದರಿಂದ ಒಬ್ಬ ಮಾರ್ಗದರ್ಶಿ ಪ್ರಾಣ ಕಳೆದುಕೊಂಡಳು. ಆ ಚಾಲಕ ನನ್ನ ತಮ್ಮ. ಆ ಮಾರ್ಗದರ್ಶಿ ಅವನ ಹೆಂಡತಿ. ನಾನು ಅದೇ ದೋಣಿಯಲ್ಲಿ ಕೂತಿದ್ದೆ. ಅವನು ತಟ್ಟಿದ್ದ. ತಟ್ಟಿದ್ದಕ್ಕೇ ಅವಳು ಸತ್ತಳು. ಈಗ ತಾವು ಇನ್ನೂ ಜೋರಾಗಿ ತಟ್ಟಿ ಎನ್ನುತ್ತಿದ್ದೀರಿ. ಮುಂದಿನ ವಾರ ಹಂಗಾಮು ಶುರು. ತಮ್ಮ ಕಚೇರಿಯ ಟಪಾಲಿಗೆ ಹಾಕಿ ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ನನಗಿಲ್ಲ. ಅದಕ್ಕೇ ಊರೆಲ್ಲ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಾರೆಂದು ತಮಗೆ ತಿಳಿದಿರಲಿಕ್ಕಿಲ್ಲ, ಆದರೆ ನನ್ನ ಕೈಕೆಲಸ ತಮ್ಮ ಮೈಮೇಲೆ ಬಂದಿದೆ. ಉದ್ಘಾಟನೆಯ ದಿನ ತಾವು ತೊಟ್ಟು ಫೋಟೊ ತೆಗೆಸಿಕೊಂಡ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹೊಲಿದವಳು ನಾನು. ಜೆಟ್ಟಿಯ ಹಿಂದಿನ ಓಣಿಯಲ್ಲಿ, ಐಸ್ ಕಾರ್ಖಾನೆಯ ಗೋಡೆಗೆ ಒತ್ತಿಕೊಂಡ ಒಂದು ಕೋಣೆ, ಒಂದು ಹೊಲಿಗೆ ಯಂತ್ರ, ಹರಿದ ಪಟ್ಟಿಗಳು, ಮುರಿದ ಬಕಲ್ಲುಗಳು, ಉಪ್ಪು ಹತ್ತಿ ಕಚ್ಚಿಕೊಂಡ ಜಿಪ್ಪುಗಳು, ಇಷ್ಟೇ ನನ್ನ ಪ್ರಪಂಚ. ಜಾಕೆಟ್ಟಿನ ಬೆನ್ನಿಗೆ ‘ಜವಾಬ್ದಾರಿಯುತ ಪ್ರವಾಸೋದ್ಯಮ’ ಎಂದು ಹೊಲಿಯಬೇಕೆಂದು ತಮ್ಮ ಕಚೇರಿ ಹೇಳಿಕಳಿಸಿತ್ತು. ಅಕ್ಷರ ಎಷ್ಟು ಕಿರಿದು ಮಾಡಿದರೂ ಮೊದಲನೆಯ ಪದ ಪಟ್ಟಿಯ ಅಡಿಗೆ ಹೋಗಿ ಮುಚ್ಚಿಹೋಗುತ್ತಿತ್ತು, ಎರಡನೆಯದು ಮಾತ್ರ ಕಾಣುತ್ತಿತ್ತು. ಓಡಿಹೋಗಿ ತಮ್ಮ ಗುಮಾಸ್ತರಿಗೆ ತೋರಿಸಿದೆ. “ಇರ್ಲಿ ಬಿಡಮ್ಮ, ಬೆನ್ನ ಮೇಲಿರೋದನ್ನ ಯಾರು ಓದ್ತಾರೆ?” ಎಂದರು. ಆಗ ನಕ್ಕು ಬಂದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮೊದಲು ಈ ತಟ್ಟುವ ಸಂಗತಿ ಹೇಳುತ್ತೇನೆ, ಏಕೆಂದರೆ ಪತ್ರಿಕೆ ಓದುವವರೆಲ್ಲ ಸಮುದ್ರ ಕಂಡವರಲ್ಲ. ತಾವು ತಿಮಿಂಗಿಲ ಶಾರ್ಕ್ ಎನ್ನುವುದನ್ನು ನಾವು ಚುಕ್ಕಿಮೀನು ಎನ್ನುತ್ತೇವೆ. ಬಸ್ಸಿನಷ್ಟು ಉದ್ದದ ಮೀನು, ಬೆನ್ನ ತುಂಬ ಬಿಳಿ ಚುಕ್ಕಿ, ಕಚ್ಚುವ ಸ್ವಭಾವವೇ ಇಲ್ಲ. ಬಾಯಿ ತೆರೆದು ನೀರನ್ನು ಸೋಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿಂದು ಬದುಕುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಅದು ದೋಣಿಯ ನೆರಳಿಗೆ ಬಂದು ಸುಮ್ಮನೆ ನಿಂತುಬಿಡುವುದುಂಟು. ಹಾಗಾಗಿ ನಮ್ಮ ಮೀನುಗಾರರಲ್ಲಿ ಒಂದು ರೂಢಿ. ಎಂಜಿನ್ ಚಾಲೂ ಮಾಡುವ ಮೊದಲು ಒಂದು ಮರದ ತುಂಡಿನಿಂದ ದೋಣಿಯ ತಳ ತಟ್ಟುವುದು, ಟಕ್, ಟಕ್, ಟಕ್. ಆಮೇಲೆ ಒಂದು ಉಸಿರು ಹಿಡಿದು ಬಿಡುವಷ್ಟು ಹೊತ್ತು ಕಾಯುವುದು. ಆ ಸದ್ದಿಗೆ ಕೆಳಗಿದ್ದ ಮೀನು ಆಳಕ್ಕೆ ಇಳಿದುಹೋಗುತ್ತಿತ್ತು. ನನ್ನ ಅಪ್ಪ ಬಲೆ ಬೀಸುತ್ತಿದ್ದ ಕಾಲದಿಂದಲೂ ಹೀಗೆಯೇ. ಮರದ ತುಂಡು ಚಾಲಕನ ಸೀಟಿನ ಪಕ್ಕ ಹಗ್ಗದಲ್ಲಿ ತೂಗಾಡುತ್ತಿರುತ್ತಿತ್ತು. ಅಪ್ಪ ಹೋದ ಮೇಲೆ ಅದು ತಮ್ಮನ ಕೈಗೆ ಬಂತು.

ತಾವು ಮೊದಲ ಸಲ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬೂಟು, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ತಮ್ಮನ ದೋಣಿ ಹತ್ತಿದಿರಿ. ಅವನು ತಟ್ಟುವುದನ್ನು ಕಂಡು “ಇದೇನಪ್ಪಾ?” ಎಂದು ಕೇಳಿದಿರಿ. “ಕೆಳಗಿದ್ದವ್ರಿಗೆ, ನಾವು ಹೊರಟ್ವಿ, ಸ್ವಲ್ಪ ಸರ್ಕೊಳ್ಳಿ ಅಂತ ಹೇಳೋದು ಸಾರ್” ಎಂದ. ತಮ್ಮ ಕಣ್ಣು ಒದ್ದೆಯಾಯಿತು ಎಂದು ಅವನು ಮನೆಗೆ ಬಂದು ಹೇಳಿದ. ನಾನಂತೂ ಗಾಳಿಗೆ ಇರಬೇಕು ಎಂದೆ. ಆದರೆ ತಮಗೆ ನಿಜಕ್ಕೂ ಹಿಡಿಸಿತ್ತು. ಮುಂದಿನ ಹಂಗಾಮಿಗೆ ಬಣ್ಣದ ಕೈಪಿಡಿಯಲ್ಲಿ ‘ಸಾಗರದೊಡನೆ ಸಂವಾದ’ ಎಂಬ ತಲೆಬರಹದಲ್ಲಿ ತಮ್ಮನ ಫೋಟೊ ಬಂತು, ಕೈಯಲ್ಲಿ ಮರದ ತುಂಡು. ಅದರ ಹಿಂದೆಯೇ ನಿಯಮವೂ ಬಂತು: ಯಾವುದೇ ದೋಣಿ, ಯಾವುದೇ ಕೆಲಸಕ್ಕೆ, ಪ್ರತಿ ಸಲ ಹೊರಡುವ ಮುನ್ನ ತಟ್ಟಲೇಬೇಕು, ತಪ್ಪಿದರೆ ಲೈಸೆನ್ಸ್ ರದ್ದು. ಮರದ ತುಂಡು ಅಂದವಾಗಿಲ್ಲವೆಂದು ಇಲಾಖೆಯ ಮುದ್ರೆಯೊತ್ತಿದ ಅಲ್ಯೂಮಿನಿಯಂ ಕೋಲುಗಳನ್ನು ಹಂಚಿದಿರಿ. ನಾವು ಹೆಮ್ಮೆ ಪಟ್ಟೆವು, ಸುಳ್ಳೇಕೆ ಹೇಳಲಿ? ಅಮ್ಮ ಕೈಪಿಡಿಯ ಆ ಪುಟಕ್ಕೆ ಕಟ್ಟು ಹಾಕಿಸಿ ಟಿವಿಯ ಮೇಲೆ ನೇತುಹಾಕಿದಳು.

ಇಲ್ಲಿಯವರೆಗೆ ತಮ್ಮ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಆಮೇಲಿನ ಆ ಒಂದು ಸಾಲಿನ ಮೇಲೆ: ‘ಚುಕ್ಕಿಮೀನು ಕಾಣುವುದು ಖಚಿತ, ಕಾಣದಿದ್ದರೆ ಮತ್ತೊಂದು ಪ್ರಯಾಣ ಉಚಿತ’. ಸಮುದ್ರದ ಪರವಾಗಿ ಖಾತ್ರಿ ಕೊಡಲು ತಮಗೆ ಅಧಿಕಾರ ಕೊಟ್ಟವರು ಯಾರು? ಅದಕ್ಕೂ ಮೊದಲು ದಿನಗಟ್ಟಲೆ ಏನೂ ಕಾಣದೆ ಮರಳುತ್ತಿದ್ದ ಪ್ರವಾಸಿಗರಿದ್ದರು. ಅವರು ನೀರು ನೋಡಿದರು, ಬಿಸಿಲು ಕಾಯಿಸಿಕೊಂಡರು, ತಮ್ಮನ ಹಾಳು ಜೋಕುಗಳನ್ನು ಕೇಳಿದರು, ಮತ್ತೆ ಬರುತ್ತೇವೆಂದು ಹೋದರು, ಕೆಲವರು ಬಂದರು ಕೂಡ. ಜವಾಬ್ದಾರಿಯ ಪ್ರವಾಸ ಎಂದರೆ ಅದೇ ಎಂದು ನಾನು ತಿಳಿದಿದ್ದೆ. ನಮಗೆ ನೋಡುವ ಆಸೆ ಇದ್ದರೆ ಮೀನಿಗೆ ಕಾಣಿಸಿಕೊಳ್ಳದೆ ಇರುವ ಹಕ್ಕೂ ಇರಬೇಕಲ್ಲವೇ? ಆದರೆ ಉಚಿತ ಪ್ರಯಾಣದ ಹೊರೆ ದೋಣಿಯವರ ತಲೆಗೆ ಕಟ್ಟಿದ ಮೇಲೆ ಅವರಾದರೂ ಏನು ಮಾಡಿಯಾರು? ಮೀನು ಕರೆಯುವ ದಾರಿ ಹುಡುಕಿದರು. ಚೀಲಗಟ್ಟಲೆ ಪುಡಿ ಸೀಗಡಿ ತಂದು ನೀರಿಗೆ ಸುರಿಯಲು ಶುರುಮಾಡಿದರು. ನಮ್ಮವರನ್ನು ನಾನು ಬಿಟ್ಟುಕೊಡುವುದಿಲ್ಲ, ಅವರ ತಪ್ಪನ್ನು ಮುಚ್ಚಿಡುವುದೂ ಇಲ್ಲ. ಇಡೀ ಜೆಟ್ಟಿಯೇ ಸೀಗಡಿ ನಾತ ಹೊಡೆಯುತ್ತಿತ್ತು.

ತಾವು ಅದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ನಾಮಕರಣ ಮಾಡಿದಿರಿ. ಆದೇಶದಲ್ಲಿ ಅದಕ್ಕೆ ‘ಪೂರಕ ಪೋಷಣೆ’ ಎಂಬ ಹೆಸರು ಬಂತು. ಅಂಗನವಾಡಿಯ ಮಕ್ಕಳಿಗೆ ಕೊಡುವ ಹಿಟ್ಟಿನ ಹೆಸರನ್ನು ಬಸ್ಸಿನಷ್ಟು ಉದ್ದದ ಮೀನಿಗೆ ಕೊಟ್ಟ ಆ ಮಹಾನುಭಾವರು ಯಾರೋ, ಅವರಿಗೆ ಬಡ್ತಿ ಸಿಕ್ಕಿರಲಿ ಎಂದು ಹಾರೈಸುತ್ತೇನೆ. ಮೇವು ಹಾಕಲೆಂದೇ ಬೇರೆ ದೋಣಿಗಳಿಗೆ ಪರವಾನಗಿ ಕೊಟ್ಟಿರಿ. ಆ ದೋಣಿಗಳ ಕೆಲಸ ಇಷ್ಟೆ: ಒಂದು ಕಡೆ ಸೀಗಡಿ ಸುರಿಯುವುದು, ಸ್ವಲ್ಪ ಮುಂದೆ ಹೋಗುವುದು, ಮತ್ತೆ ಸುರಿಯುವುದು. ಪ್ರತಿ ಸಲ ಹೊರಡುವ ಮುನ್ನ ತಮ್ಮ ನಿಯಮದ ಪ್ರಕಾರ ತಟ್ಟುವುದು. ತಟ್ಟು, ಹೊರಡು, ಸುರಿ. ತಟ್ಟು, ಹೊರಡು, ಸುರಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ ಪಾಠ. ಒಂದು ಹಂಗಾಮಿಡೀ ನಡೆದ ಈ ಪಾಠದಲ್ಲಿ ಮೀನು ಏನು ಕಲಿತಿರಬಹುದು? ಮೀನಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ನಮ್ಮ ಓಣಿಯ ಬೆಕ್ಕು ಯಾವ ಕಾಲೇಜಿಗೂ ಹೋಗಿಲ್ಲ, ಆದರೂ ಅಮ್ಮ ಡಬ್ಬಿಯ ಮುಚ್ಚಳ ತೆಗೆದ ಸದ್ದಾದರೆ ಮೂರು ಮನೆ ಆಚೆಯಿಂದ ಓಡಿ ಬರುತ್ತದೆ.

ನನ್ನ ತಮ್ಮನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಕಾಲಿಗೆ ಈಜುರೆಕ್ಕೆ ಕಟ್ಟಿಕೊಂಡು ಜೆಟ್ಟಿಯ ಮೇಲೆ ಪಟ ಪಟ ನಡೆಯುತ್ತಿದ್ದಳೆಂದು ನಾವೆಲ್ಲ ಅವಳನ್ನು ಬಾತುಕೋಳಿ ಎನ್ನುತ್ತಿದ್ದೆವು. ಪ್ರವಾಸಿಗರ ಜೊತೆ ನೀರಿಗಿಳಿದು, ಮೀನಿನ ಹತ್ತಿರ ಹೋಗದಂತೆ, ಮುಟ್ಟದಂತೆ ನೋಡಿಕೊಳ್ಳುವುದು ಅವಳ ಕೆಲಸ. ಮನೆಯಲ್ಲಿ ಮಾತ್ರ ಅವಳನ್ನು ತಡೆಯುವವರಿರಲಿಲ್ಲ. ಬಾಗಿಲು ತಟ್ಟಿದ ಸದ್ದಾದರೆ ಸಾಕು, ಕೈಯಲ್ಲಿ ಸೌಟಿದ್ದರೂ ಸರಿ, ತಲೆಗೆ ಸೋಪು ಹಚ್ಚಿದ್ದರೂ ಸರಿ, ಎಲ್ಲರಿಗಿಂತ ಮೊದಲು ಓಡುವವಳು ಅವಳೇ. “ಯಾರೋ ನಿಂತಿದ್ದಾರಲ್ಲ, ಕಾಯ್ಸೋದು ಚೆಂದಾನಾ?” ಎನ್ನುತ್ತಿದ್ದಳು. ಅಮ್ಮ ಎಷ್ಟೋ ಸಲ ಬೈದದ್ದುಂಟು, ಒಲೆಯ ಮೇಲಿನ ಹಾಲು ಉಕ್ಕಿದ್ದುಂಟು.

ಮೊದಲು ಅನುಮಾನ ಬಂದದ್ದು ಅವಳಿಗೆ. ಅನುಮಾನವಷ್ಟೆ, ಖಾತ್ರಿಯಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ, “ರೀ, ಈಗೀಗ ತಟ್ಟಿದ್ರೆ ಅವು ಕೆಳಗೆ ಹೋಗ್ತಿಲ್ಲ ಅನ್ಸುತ್ತೆ. ಮೇಲೇ ಮುಖ ತಿರುಗಿಸ್ತವೆ” ಎಂದಳು.

“ಅವಕ್ಕೂ ನಿನ್ನ ಚಾಳಿ ಬಂದಿದೆ ಬಿಡು. ಬಾಗಿಲು ತಟ್ಟಿದ್ರೆ ಓಡಿ ಬರೋದು” ಎಂದ ತಮ್ಮ. ನಾವೆಲ್ಲ ನಕ್ಕೆವು, ಅವಳೂ ನಕ್ಕಳು.

ಆಮೇಲೆ ಅವನ ತಟ್ಟೆಗೆ ಸಾರು ಬಡಿಸುತ್ತ, “ತಮಾಷೆ ಅಲ್ಲ ರೀ. ತಟ್ಟೋದು ಬಿಟ್ಬಿಡೋಣ್ವಾ?” ಎಂದಳು.

“ಬಿಟ್ರೆ ಲೈಸೆನ್ಸು ಹೋಗುತ್ತೆ. ಅಪ್ಪ ಕಲಿಸಿದ್ದೂ ಅದೇ, ಇಲಾಖೆ ಬರೆದದ್ದೂ ಅದೇ. ಇಬ್ರೂ ಒಟ್ಟಿಗೆ ತಪ್ಪು ಮಾಡ್ತಾರೇನೆ?” ಎಂದ. ನಿಜ ಹೇಳಬೇಕೆಂದರೆ ಆ ಹೊತ್ತು ನನಗೂ ಅವನ ಮಾತೇ ಸರಿ ಎನಿಸಿತ್ತು.

ಆದರೂ ಅವಳು ತಮ್ಮ ಇಲಾಖೆಯ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತು ಕೇಳಿದಳು. ಎಲ್ಲರಿಗೂ ಬಿಸ್ಕತ್ತು, ತಣ್ಣನೆಯ ನೀರಿನ ಬಾಟಲಿ ಕೊಟ್ಟಿದ್ದ ಸಭೆ ಅದು. ತಾವು ಮಧ್ಯದ ಕುರ್ಚಿಯಲ್ಲಿದ್ದಿರಿ. ತಮ್ಮ ಪಕ್ಕದ ಅಧಿಕಾರಿ ಮೈಕು ಹಿಡಿದು, “ತಟ್ಟಿದ್ರೂ ಹೆದರಲ್ಲ ಅಂದ್ರೆ ನಮ್ಮ ಮೇಲೆ ನಂಬಿಕೆ ಬಂದಿದೆ ಅಂತಾಯ್ತು. ಒಳ್ಳೇದೇ ಅಲ್ವಾಮ್ಮ?” ಎಂದರು. ಚಪ್ಪಾಳೆ ಬಿತ್ತು. ತಾವು ಮುಗುಳ್ನಕ್ಕಿರಿ. ಅವಳು ಕೂತಳು, ಬಿಸ್ಕತ್ತನ್ನು ಕರವಸ್ತ್ರದಲ್ಲಿ ಸುತ್ತಿ ಅಮ್ಮನಿಗೆ ತಂದಳು.

ಆ ದಿನ ನಾನು ದೋಣಿ ಹತ್ತಿದ್ದು ಹೊಸ ಜಾಕೆಟ್ಟುಗಳ ಪಟ್ಟಿ ನೀರಿನಲ್ಲಿ ಜಾರುತ್ತದೆಯೇ ಎಂದು ನೋಡಲು. ಗಾಳಿಯಿರಲಿಲ್ಲ. ಪ್ರವಾಸಿಗರು ಈಜಾಡಿ ಮೇಲೆ ಬಂದಿದ್ದರು, ಒದ್ದೆ ಕೂದಲು ಹಿಂಡಿಕೊಳ್ಳುತ್ತ ಒಬ್ಬರಿಗೊಬ್ಬರು ಫೋಟೊ ತೋರಿಸುತ್ತಿದ್ದರು. ಬಾತುಕೋಳಿ ಎಲ್ಲರಿಗಿಂತ ಕೊನೆಗೆ ಹತ್ತಿ, ದೋಣಿಯ ಹಿಂಬದಿಯ ಅಂಚಿನಲ್ಲಿ ಕೂತು ಕಬ್ಬಿಣದ ಏಣಿ ಎಳೆದುಕೊಳ್ಳುತ್ತಿದ್ದಳು. ನನ್ನ ತಮ್ಮ ಸುತ್ತಲೂ ಕಣ್ಣಾಡಿಸಿದ. ಕೋಲು ತೆಗೆದುಕೊಂಡ. ತಟ್ಟಿದ. ನಾನು ನನ್ನ ಕಿವಿಯಾರೆ ಕೇಳಿದೆ, ಟಕ್, ಟಕ್, ಟಕ್. ಉಸಿರು ಹಿಡಿದು ಕಾದ, ಅಪ್ಪ ಕಾಯುತ್ತಿದ್ದ ಹಾಗೆಯೇ. ಆಮೇಲೆ ಕೀಲಿ ತಿರುಗಿಸಿದ.

ಅವನು ಕಾದ ಹೊತ್ತಿನಲ್ಲಿಯೇ ಒಂದು ಚುಕ್ಕಿಮೀನು ಕೆಳಗಿನಿಂದ ಮೇಲೆ ಬಂದಿತ್ತು. ಪ್ರೊಪೆಲ್ಲರ್ ಅದರ ಬೆನ್ನನ್ನು ಕೊಯ್ಯಿತು. ನೋವಿಗೆ ಅದು ಬಾಲ ಬೀಸಿದ ಹೊಡೆತಕ್ಕೆ ದೋಣಿಯ ಹಿಂಬದಿ ಎದ್ದು ಬಿತ್ತು. ಅವಳ ತಲೆ ಏಣಿಗೆ ಬಡಿಯಿತು, ನೀರಿಗೆ ಬಿದ್ದಳು. ನಾನು ಹೊಲಿದ ಜಾಕೆಟ್ಟು ಅವಳನ್ನು ಮುಳುಗಲು ಬಿಡಲಿಲ್ಲ. ಪಟ್ಟಿ ಜಾರಲಿಲ್ಲ, ಬಕಲ್ಲು ಬಿಚ್ಚಲಿಲ್ಲ, ಮುಖ ಮೇಲಾಗಿ ತೇಲುತ್ತಿದ್ದಳು. ತಮ್ಮ ಹಾರಿ ಎತ್ತಿ ತಂದ. ಜೆಟ್ಟಿ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಅವಳ ತಲೆ ನನ್ನ ತೊಡೆಯ ಮೇಲೇ ಇತ್ತು.

ಇನ್ನು ತಮ್ಮ ತನಿಖೆ. ಜೆಟ್ಟಿಯ ಟಿಕೆಟ್ ಕೋಣೆಯಲ್ಲಿ, ಒದ್ದೆ ಬಟ್ಟೆಯಲ್ಲೇ ನಡುಗುತ್ತ ಕೂತಿದ್ದ ನನ್ನ ತಮ್ಮನನ್ನು ತಮ್ಮ ತನಿಖಾಧಿಕಾರಿಗಳು ಕೇಳಿದರು: “ಎಂಜಿನ್ ಹಾಕೋ ಮುಂಚೆ ತಟ್ಟಿದ್ಯಾ?” ಅವನು ತಲೆ ತಗ್ಗಿಸಿದ.

“ತಟ್ಟಿದ್ರೆ ಮೀನು ದೂರ ಹೋಗ್ಬೇಕಿತ್ತಲ್ವಾ?”

“ಹೋಗ್ಬೇಕಿತ್ತು ಸಾರ್.”

“ಹೋಗಿಲ್ಲ ಅಂದ್ರೆ ತಟ್ಟಿಲ್ಲ ಅಂತ ಅರ್ಥ ತಾನೇ?”

ಅಷ್ಟಕ್ಕೆ ತನಿಖೆ ಮುಗಿಯಿತು. ಬಾಗಿಲಲ್ಲಿ ನಿಂತಿದ್ದ ನಾನು, “ಸಾರ್, ನಾನು ದೋಣೀಲೇ ಇದ್ದೆ, ಅವನು ತಟ್ಟಿದ್ದ” ಎಂದೆ. “ನೀವು ಪ್ರವಾಸಿನೂ ಅಲ್ಲ, ಸಿಬ್ಬಂದಿನೂ ಅಲ್ಲ. ದೋಣೀಲಿ ನೀವಿರೋದೇ ನಿಯಮಕ್ಕೆ ವಿರುದ್ಧ. ಅದನ್ನೂ ಬರ್ಕೊಳ್ಳಬೇಕಾ?” ಎಂದರು. ಪ್ರವಾಸಿಗರು ಅಷ್ಟು ಹೊತ್ತಿಗೆ ಹೋಟೆಲು ಸೇರಿದ್ದರು. ಅವರ ರಜೆಗೆ ಅಡ್ಡಿಯಾಗಬಾರದೆಂದು ಅವರನ್ನು ಯಾರೂ ಕೇಳಲಿಲ್ಲವಂತೆ.

ಮಾನ್ಯರೇ, ತಮ್ಮ ಇಲಾಖೆಯ ತರ್ಕಕ್ಕೆ ನಾನು ತಲೆಬಾಗುತ್ತೇನೆ. ನಿಯಮ ತಪ್ಪಾಗಿರಲು ಸಾಧ್ಯವಿಲ್ಲ, ಆದ್ದರಿಂದ ನಿಯಮ ಪಾಲಿಸಿದವನು ಪಾಲಿಸಿಲ್ಲ. ಔಷಧಿ ತಿಂದ ರೋಗಿ ಸತ್ತರೆ, ಔಷಧಿ ತಿಂದಿಲ್ಲ ಎಂದು ಬರೆದು ಉಳಿದ ರೋಗಿಗಳಿಗೆ ಎರಡರಷ್ಟು ಕುಡಿಸುವ ವೈದ್ಯರನ್ನು ತಾವು ಏನೆಂದು ಕರೆಯುತ್ತೀರಿ? ಆ ಗಾಯಗೊಂಡ ಮೀನಿನ ಗತಿ ಏನಾಯಿತು ಎಂದು ತಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲವಲ್ಲ? ನಾನು ಹೇಳುತ್ತೇನೆ. ಅದು ಸತ್ತಿಲ್ಲ. ಹಂಗಾಮು ಮುಗಿಯುವವರೆಗೂ ಮೇವಿನ ದೋಣಿಗಳ ಹತ್ತಿರ ಬರುತ್ತಲೇ ಇತ್ತು, ಬೆನ್ನ ಮೇಲೆ ಹರಿದ ಮಾಂಸ ಬಿಳಿಚಿಕೊಂಡು ನೇತಾಡುತ್ತಿತ್ತು. ತನ್ನ ಬೆನ್ನು ಕೊಯ್ಯಿಸಿದ ಅದೇ ತಟ್ಟುವ ಸದ್ದು ಕೇಳಿದೊಡನೆ ಅದೇ ಮೊದಲು ಬರುತ್ತಿತ್ತಂತೆ. ಪ್ರವಾಸಿಗರು ಅದರ ಫೋಟೊವನ್ನೂ ತೆಗೆದುಕೊಂಡರು. ಮಳೆಗಾಲಕ್ಕೆ ಮೊದಲು ಬೇರೆ ಸಮುದ್ರಕ್ಕೆ ಹೊರಟುಹೋಗಬೇಕಾದ ಈ ಮೀನುಗಳಲ್ಲಿ ಕೆಲವು ಈ ವರ್ಷ ಹೋಗಲೇ ಇಲ್ಲ. ಅಲೆಯೆದ್ದು ದೋಣಿಗಳೆಲ್ಲ ದಡ ಸೇರಿದ ಮೇಲೂ ಜೆಟ್ಟಿಯ ಕಂಬಗಳ ಸುತ್ತ ಸುತ್ತುತ್ತಿದ್ದವು.

ತಮ್ಮನ ಲೈಸೆನ್ಸ್ ರದ್ದಾಯಿತು. ಅದನ್ನು ಮರಳಿ ಕೊಡಿ ಎಂದು ನಾನು ಕೇಳುತ್ತಿಲ್ಲ, ಅವನೇ ಇನ್ನು ದೋಣಿ ಹತ್ತುವವನಲ್ಲ. ಹಗಲೆಲ್ಲ ನನ್ನ ಹೊಲಿಗೆ ಕೋಣೆಯ ಮೂಲೆಯಲ್ಲಿ ಕೂತು ಹಳೆಯ ಜಾಕೆಟ್ಟುಗಳ ದಾರ ಬಿಚ್ಚುತ್ತಿರುತ್ತಾನೆ. “ಯಾಕೋ ತಟ್ಟಿದ್ದೆ ಅಂತ ಹೇಳ್ಲಿಲ್ಲ?” ಎಂದು ಒಂದು ದಿನ ಜೋರು ಮಾಡಿದೆ. “ಏನಂತ ಹೇಳ್ಲಿ ಅಕ್ಕಾ? ನಾನೇ ಕರೆದೆ ಅಂತಾನಾ? ತಟ್ಟದೆ ಇದ್ದಿದ್ರೆ ಅದು ಕೆಳಗೇ ಇರ್ತಿತ್ತು” ಎಂದ. ಅವನ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವು. ಅವನ ಕೈಗೆ ಕೋಲು ಕೊಟ್ಟವರು ತಾವು, ಅದೇ ಸದ್ದಿಗೆ ಮೇವು ಸುರಿಸಿದವರೂ ತಾವು. ಎರಡು ಆದೇಶಗಳಿಗೂ ಒಂದೇ ಕೈ ಸಹಿ ಹಾಕಿದೆ. ತಾವು ಬರೆದ ಸುಳ್ಳಿನಲ್ಲಿ ನನ್ನ ತಮ್ಮ ಬೇಜವಾಬ್ದಾರಿ ಮನುಷ್ಯ. ತಾವು ಬರೆಯದ ಸತ್ಯದಲ್ಲಿ ಅವನು ತನ್ನ ಹೆಂಡತಿಯನ್ನು ಕೊಂದವನು. ಇವೆರಡರ ನಡುವೆ ಅವನನ್ನು ಕೂರಿಸಿ ತಾವು ಹೊಸ ಕೋಲುಗಳನ್ನು ತರಿಸುತ್ತಿದ್ದೀರಿ, ಮೊದಲಿನವಕ್ಕಿಂತ ಉದ್ದದವು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರವಾಸಿಗರು ಬರಬಾರದೆಂದು ನಾನು ಹೇಳುವುದಿಲ್ಲ, ಅವರು ಬಂದರೇ ನನ್ನ ಯಂತ್ರ ತಿರುಗುವುದು. ಮುಂದಿನ ವಾರದೊಳಗೆ ಆ ಹೊಸ ಆದೇಶವನ್ನು ಗೋಡೆಯಿಂದ ಕಿತ್ತುಹಾಕಿ. ಮೇವು ನಿಲ್ಲಿಸಿ, ಮೀನು ಕಾಣುವ ಖಾತ್ರಿಯ ಸಾಲನ್ನೂ ಅಳಿಸಿ. ಆ ಮೀನುಗಳು ಕಲಿತದ್ದನ್ನು ಮರೆಯುವವರೆಗೆ ಯಾವ ದೋಣಿಯೂ ತಟ್ಟದಿರಲಿ, ಅಲ್ಲಿಯವರೆಗೆ ಮೀನು ಬರುವ ಜಾಗದಲ್ಲಿ ಎಂಜಿನ್ನೇ ಬೇಡ, ಹುಟ್ಟು ಹಾಕಲಿ. ನಮ್ಮ ಗಂಡಸರಿಗೆ ತೋಳಿನಲ್ಲಿ ಬಲ ಇನ್ನೂ ಇದೆ. ವರ್ಷ ಬೇಕಾದರೆ ವರ್ಷ ಬಂದ್ ಮಾಡಿ, ಹೊಟ್ಟೆಗೆ ಕಷ್ಟವಾದೀತು, ಆದರೂ ಹೆಣ ಹೊರುವುದಕ್ಕಿಂತ ಅದು ಹಗುರ. ಕೊನೆಗೆ, ಗೋಡೆಯ ಮೇಲೆ ಅದೇ ಜಾಗದಲ್ಲಿ ಒಂದು ಸಾಲು ಬರೆಸಿ: ಚಾಲಕ ತಟ್ಟಿದ್ದ, ತಪ್ಪು ನಮ್ಮದು. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ತಾವೇ ಬನ್ನಿ. ಹುಟ್ಟು ಹಾಕುವ ದೋಣಿಯಲ್ಲಿ ನಾನೇ ಕರೆದೊಯ್ಯುತ್ತೇನೆ. ತಮ್ಮ ಮುದ್ರೆಯ ಕೋಲಿನಿಂದ ತಾವೇ ತಟ್ಟಿ, ಉಸಿರು ಹಿಡಿದು ಕೆಳಗೆ ನೋಡಿ.

ಆಮೇಲೆ ನನ್ನ ತಮ್ಮನ ಜೊತೆ ಮಾತಾಡಬೇಕೆಂದು ತಮಗೆ ಅನ್ನಿಸಿದರೆ, ಐಸ್ ಕಾರ್ಖಾನೆ ದಾಟಿ ಎಡಗಡೆಯ ಮನೆ. ಒಂದೇ ಒಂದು ವಿನಂತಿ, ಬಾಗಿಲು ತಟ್ಟಬೇಡಿ. ಹೊರಗೆ ನಿಂತು ಕೂಗಿ, ನಾನು ಬಂದು ತೆಗೆಯುತ್ತೇನೆ. ತಟ್ಟಿದ ಸದ್ದಾದರೆ ಅವನು ಬಾಗಿಲ ಕಡೆ ನೋಡುವುದಿಲ್ಲ. ಅವಳು ಓಡಿ ಬರುತ್ತಾಳೆಂದು ಅಡುಗೆಮನೆಯ ಕಡೆ ನೋಡುತ್ತಾನೆ.

ಇಂತಿ,
‘ತಮ್ಮ ವಿಶ್ವಾಸಿ’ ಎಂಬುದಕ್ಕೆ ಪಟ್ಟಿಯ ಅಡಿಯಲ್ಲೂ ಜಾಗ ಸಾಲದ,
ಜೆಟ್ಟಿ ಓಣಿಯ ಲೈಫ್ ಜಾಕೆಟ್ ಹೊಲಿಯುವವಳು